ಮನೆಯ ನಳ ಜೋಡಣೆ ಮತ್ತು ತಪಾಸಣೆ: ಕೃಷ್ಣಾ–ಪಂಚಗಂಗಾ ಸೀಮೆಯಲ್ಲಿ

ಬೀದಿಯ ಮುಖ್ಯ ಕೊಳವೆಯಿಂದ ನೀರನ್ನು ಮನೆಯೊಳಕ್ಕೆ ತಂದು ಅಡುಗೆಮನೆ, ಬಚ್ಚಲು, ಶೌಚಾಲಯಗಳಿಗೆ ಹಂಚುವುದು, ಬಳಸಿದ ನೀರನ್ನು ಹೊರಗೆ ಸಾಗಿಸುವುದು ಮನೆಯ ನಳ ಜೋಡಣೆಯ ಕೆಲಸ. ಕೊಲ್ಹಾಪುರ ಜಿಲ್ಲೆಯ ಉದಗಾಂವ, ಇಚಲಕರಂಜಿ, ಗಡಹಿಂಗ್ಲಜಗಳಲ್ಲೂ ಅವಕ್ಕೆ ತಾಗಿದ ಬೆಳಗಾವಿ ಜಿಲ್ಲೆಯ ಊರುಗಳಲ್ಲೂ ಈ ಕೆಲಸ ಬಹುಮಟ್ಟಿಗೆ ಮನೆಯವರು, ಗೌಂಡಿ ಮತ್ತು ಗುರುತಿನ ಪ್ಲಂಬರ್ ಇವರ ಕೈಯಲ್ಲೇ ಬೆಳೆದಿದೆ. ಸರ್ಕಾರಿ ತಪಾಸಣೆ ಬೀದಿಯಿಂದ ಮೀಟರಿನವರೆಗೆ ಬರುತ್ತದೆ, ಹೊಸ್ತಿಲು ದಾಟುವುದು ಅಪರೂಪ. ರೋಗವೋ ನೀರಿನ ಕೊರತೆಯೋ ಒತ್ತಾಯಿಸಿದಾಗ ಮಾತ್ರ ಅದು ಒಂದಷ್ಟು ಮುಂದೆ ಸರಿದಿದೆ.

ಕೊಳವೆಯಲ್ಲಿ ನೀರು ಹರಿಸುವ ವಿದ್ಯೆ ಈ ಭಾಗಕ್ಕೆ ಹೊಸದಲ್ಲ. ವಿಜಯಪುರದ ಆದಿಲಶಾಹಿ ಅರಸರು 16 ಮತ್ತು 17ನೆಯ ಶತಮಾನಗಳಲ್ಲಿ ತೊರವಿಯಿಂದಲೂ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ಸುಟ್ಟ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ತಂದರು. ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ, ನಡುನಡುವೆ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದ್ದರು. ಹೆಚ್ಚಾದ ಒತ್ತಡ ಅಲ್ಲಿ ಇಳಿಯುತ್ತಿತ್ತು, ಹೂಳು ತಳದಲ್ಲಿ ನಿಲ್ಲುತ್ತಿತ್ತು. ನೀರು ಹೋದದ್ದು ಅರಮನೆ, ಮಸೀದಿ, ತೋಟ ಮತ್ತು ಸಾರ್ವಜನಿಕ ಹೊಂಡಗಳಿಗೆ. ಸಾಮಾನ್ಯರು ಹೊಂಡದಿಂದ ಕೊಡದಲ್ಲಿ ಹೊತ್ತು ತಂದರು.

ಕೊಲ್ಹಾಪುರದಲ್ಲಿ 1854ರಲ್ಲಿ ನಗರಸಭೆ ಸ್ಥಾಪನೆಯಾಯಿತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಳಂಬಾ ಕೆರೆಯ ನೀರು ನಗರಕ್ಕೆ ಬಂತು. ‘ಪಾಣ್ಯಾಚಾ ಖಜಿನಾ’ ಎಂಬ ಬಡಾವಣೆಯ ಹೆಸರಿನಲ್ಲಿ ಆ ಕಾಲದ ನೀರಿನ ತೊಟ್ಟಿ ಇಂದಿಗೂ ಉಳಿದಿದೆ. ಬೆಂಗಳೂರಿಗೆ ಹೆಸರಘಟ್ಟದ ನೀರು ಹರಿದದ್ದೂ 1890ರ ದಶಕದಲ್ಲೇ. ಹಳ್ಳಿಗಳಿಗೆ ನಳ ಬಂದದ್ದು ಬಹಳ ತಡವಾಗಿ. ಕೃಷ್ಣೆಯ ದಡದ ಉದಗಾಂವದಂಥ ಊರುಗಳಿಗೆ ಹೊಳೆ ಮತ್ತು ಬಾವಿಗಳೇ ಆಧಾರವಾಗಿದ್ದವು. ಮೊದಲು ಎತ್ತರದ ಟಾಕಿ, ಓಣಿಯ ಮೂಲೆಗೊಂದು ಸಾರ್ವಜನಿಕ ನಳ, ಕೊನೆಗೆ ಅಂಗಳದೊಳಗೊಂದು ತೋಟಿ ಎಂಬ ಕ್ರಮದಲ್ಲಿ ನೀರು ಮನೆಗೆ ಹತ್ತಿರವಾಯಿತು.

ಕಬ್ಬಿಣದ ಕೊಳವೆಯ ಕಾಲದಲ್ಲಿ ಈ ಕೆಲಸವನ್ನು ಮನೆಯವರು ಮಾಡಿಕೊಳ್ಳುವಂತಿರಲಿಲ್ಲ. ಸತುವು ಲೇಪಿಸಿದ ಜಿ.ಐ. ಪೈಪನ್ನು ವೈಸಿನಲ್ಲಿ ಹಿಡಿದು, ಡೈಯಿಂದ ತಿರುಪಿನ ಮರೆ ಕೊರೆದು, ಸಣಬಿನ ನಾರು ಸುತ್ತಿ, ಸಫೇದಾ ಬಳಿದು, ಪೈಪ್ ಪಾನಾದಿಂದ ಬಿಗಿಯಬೇಕಿತ್ತು. ಹತ್ಯಾರ ದುಬಾರಿ, ತೂಕವೂ ಹೆಚ್ಚು. ಅತಿಯಾದ ನೀರಾವರಿಯಿಂದ ಉದಗಾಂವ ಇರುವ ಶಿರೋಳ ತಾಲ್ಲೂಕಿನ ಭೂಮಿ ಹಲವೆಡೆ ಸವಳಾಗಿದ್ದು, ಅಂಥ ಕಡೆಯ ಬಾವಿ, ಬೋರಿನ ಗಡಸು ನೀರು ಹರಿದರೆ ಈ ಪೈಪಿನ ಒಳಗೆ ಉಪ್ಪು ಕಟ್ಟಿ, ತುಕ್ಕು ಹಿಡಿದು, ಅರ್ಧ ಇಂಚಿನ ದಾರಿ ತೀರಾ ಕಿರಿದಾಗುತ್ತದೆ.

ಈ ಸ್ಥಿತಿಯನ್ನು ಬದಲಿಸಿದ್ದು ಪಿ.ವಿ.ಸಿ. ಇಲ್ಲಿ ಅದು ಮನೆಗಿಂತ ಮೊದಲು ಹೊಲಕ್ಕೆ ಬಂತು ಎನ್ನಬಹುದು. ಕೃಷ್ಣಾ, ಪಂಚಗಂಗಾ ನದಿಗಳಿಂದ ಮೋಟಾರಿನಲ್ಲಿ ನೀರೆತ್ತಿ ಕಬ್ಬಿಗೆ ಹಾಯಿಸುವ ರೈತ ಪೈಪು ಕೊಯ್ಯುವುದು, ತುದಿ ಒರೆಸುವುದು, ಸಾಲ್ವೆಂಟ್ ಹಚ್ಚಿ ಸಾಕೆಟ್ಟಿಗೆ ತುರುಕುವುದನ್ನು ಹೊಲದಲ್ಲೇ ಕಲಿತಿದ್ದ. ಮೂರು ಇಂಚಿನ ಪೈಪು ಜೋಡಿಸಿದವನಿಗೆ ಅರ್ಧ ಇಂಚಿನದು ಆಟದ ಮಾತು. ಸ್ವಂತ ಕೈಯಿಂದ ನಳ ಜೋಡಿಸುವ ರೂಢಿ ಈ ಸೀಮೆಯಲ್ಲಿ ಹಬ್ಬಿದ್ದರ ಹಿಂದೆ ಹಣದ ಉಳಿತಾಯದಷ್ಟೇ ಈ ಕೈಪಳಗಿಕೆಯೂ ಇದೆ.

ಹೊಲದ ಅಭ್ಯಾಸ ಮನೆಗೆ ಬಂದಾಗ ಕೆಲವು ದೋಷಗಳೂ ಜೊತೆಗೆ ಬಂದವು. ಹೊಲದಲ್ಲಿ ಸೋರಿದರೆ ಬೆಳೆ ಕುಡಿಯುತ್ತದೆ, ಗೋಡೆಯಲ್ಲಿ ಸೋರಿದರೆ ಗಿಲಾವು ಉದುರುತ್ತದೆ. ಸಾಧಾರಣ ಪಿ.ವಿ.ಸಿ. ಬಿಸಿನೀರಿಗೆ ಮೆತ್ತಗಾಗುತ್ತದೆ. ನೀರು ಕಾಯಿಸುವ ತಾಮ್ರದ ಬಂಬಿನಿಂದ ಬಕೆಟ್ಟಿಗೆ ನೀರು ಬಿಟ್ಟುಕೊಳ್ಳುತ್ತಿದ್ದ ಮನೆಗಳಿಗೆ ಇದು ಗೊತ್ತಾಗುವ ಪ್ರಸಂಗವೇ ಇರಲಿಲ್ಲ. ಗೀಸರ್ ಮತ್ತು ಸೌರ ಹೀಟರುಗಳು ಬಂದ ಮೇಲೆ ಗೊತ್ತಾಯಿತು. 1990ರ ದಶಕದ ಕೊನೆಗೆ ಭಾರತದ ಮಾರುಕಟ್ಟೆಗೆ ಬಂದ, ಬಿಸಿ ತಾಳುವ ಸಿ.ಪಿ.ವಿ.ಸಿ. ಈ ಕೊರತೆಯನ್ನು ತುಂಬಿತು. ಬಚ್ಚಲ ನೀರಿನ ಪೈಪಿಗೆ ಇಳಿಜಾರು ಕೊಡದಿರುವುದು, ವಾಸನೆ ತಡೆಯುವ ಟ್ರ್ಯಾಪ್ ಹಾಕದಿರುವುದು, ಗಾಳಿಕೊಳವೆ ಮರೆಯುವುದು ಮನೆಗೆಲಸದ ಸಾಮಾನ್ಯ ತಪ್ಪುಗಳು. ಎರಡನೆಯದರ ಪರಿಣಾಮ ಮಳೆಗಾಲದಲ್ಲಿ ಮೂಗಿಗೇ ತಿಳಿಯುತ್ತದೆ.

ಕಾನೂನು ಈ ಕೆಲಸವನ್ನು ಪರವಾನಗಿ ಪಡೆದ ಪ್ಲಂಬರನಿಗೆ ಒಪ್ಪಿಸುತ್ತದೆ. ಮಹಾರಾಷ್ಟ್ರದ ಮಹಾನಗರಪಾಲಿಕೆಗಳನ್ನು ಆಳುವ 1949ರ ಕಾಯ್ದೆಯಲ್ಲೂ ಬೆಂಗಳೂರು ಜಲಮಂಡಳಿಯ 1964ರ ಕಾಯ್ದೆಯಲ್ಲೂ ಅಂಥ ಪ್ಲಂಬರನ ಪ್ರಸ್ತಾಪವಿದೆ. ದೆಹಲಿಯ 1957ರ ಪಾಲಿಕೆ ಕಾಯ್ದೆ ಒಂದು ಕುತೂಹಲದ ಸಡಿಲಿಕೆ ಕೊಟ್ಟಿದೆ: ಕೆಲಸ ಕ್ಷುಲ್ಲಕವೆಂದು ಆಯುಕ್ತರಿಗೆ ತೋರಿದರೆ ಪರವಾನಗಿ ಇಲ್ಲದವರೂ ಅದನ್ನು ಮಾಡಲು ಅವರು ಲಿಖಿತ ಅನುಮತಿ ಕೊಡಬಹುದು. ತೋಟಿಯ ವಾಷರ್ ಬದಲಿಸಲು ಆಯುಕ್ತರಿಗೆ ಅರ್ಜಿ ಬರೆಯುವ ಗೃಹಸ್ಥನನ್ನು ಊಹಿಸಿಕೊಳ್ಳುವುದು ಕಷ್ಟ. ಗ್ರಾಮಪಂಚಾಯಿತಿಯ ಹಳ್ಳಿಯಲ್ಲಿ ಅರ್ಜಿ, ಠೇವಣಿ, ಬಾಕಿ ಪಟ್ಟಿ ಕಟ್ಟಿದ ರಸೀದಿ ಆದ ಬಳಿಕ ನೀರು ಬಿಡುವ ಸಿಬ್ಬಂದಿಯೇ ಮುಖ್ಯ ಕೊಳವೆಗೆ ರಂಧ್ರ ಕೊರೆಸಿ ಫೆರೂಲ್ ಎಂಬ ಜೋಡುತುಂಡು ಕೂಡಿಸುವುದು ರೂಢಿ. ತಪಾಸಣೆಗೆ ಬಂದವರು ನೋಡುವುದು ಫೆರೂಲಿನ ಅಳತೆ, ಮೀಟರ್ ಇದ್ದರೆ ಅದರ ಮುದ್ರೆ, ಕಳ್ಳ ಜೋಡಣೆ ಮತ್ತು ನಳಕ್ಕೆ ನೇರವಾಗಿ ಹಚ್ಚಿದ ಮೋಟಾರು. ಗೋಡೆಯೊಳಗಿನ ಜೋಡಣೆಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 2065, 1970ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆ ಇವೆ. ಗಿಲಾವಿಗೆ ಮುಂಚೆ ಒತ್ತಡದ ಪರೀಕ್ಷೆ ನಡೆಸುವ ಪದ್ಧತಿ ದೊಡ್ಡ ಕಟ್ಟಡಗಳಲ್ಲಿದೆ. ಒಂಟಿ ಮನೆಗಳಲ್ಲಿ ತೋಟಿ ತಿರುಗಿಸಿ ನೀರು ಬಂದರೆ ಕೆಲಸ ಮುಗಿಯಿತು.

ನಳಕ್ಕೆ ನೇರವಾಗಿ ಮೋಟಾರು ಹಚ್ಚುವುದರ ಮೇಲಿನ ನಿಷೇಧ ಕೇವಲ ನ್ಯಾಯದ ಹಂಚಿಕೆಗಾಗಿ ಇರುವುದಲ್ಲ. ಇಚಲಕರಂಜಿಯಂಥ ಊರುಗಳಲ್ಲಿ ನೀರು ಬಿಡುವುದು ದಿನಗಳ ಅಂತರದಲ್ಲಿ. ಉಳಿದ ಹೊತ್ತು ಕೊಳವೆ ಖಾಲಿ. ಆಗ, ಅಥವಾ ಮನೆಯ ಮೋಟಾರು ನೀರನ್ನು ಹೀರುವಾಗ, ಕೊಳವೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿದು, ಸಡಿಲ ಸಂದಿನ ಮೂಲಕ ಪಕ್ಕದ ಗಟಾರದ ನೀರು ಒಳಸೇರುತ್ತದೆ. ಬಹಳಷ್ಟು ಮನೆಗಳ ಕೊಳವೆ ಗಟಾರವನ್ನು ದಾಟಿಯೇ ಬರುತ್ತದೆ, ಸಂದೂ ಹಲವು ಕಡೆ ಅಲ್ಲೇ ಬೀಳುತ್ತದೆ. 2012ರ ಬೇಸಿಗೆಯಲ್ಲಿ ಇಚಲಕರಂಜಿಯಲ್ಲಿ ಹೆಪಟೈಟಿಸ್-ಇ ಕಾಮಾಲೆ ಹರಡಿ ಸಾವಿರಾರು ಜನ ಕಾಯಿಲೆ ಬಿದ್ದರು, ಸಾವುಗಳೂ ಆದವು. ಪಂಚಗಂಗೆಯ ಮಾಲಿನ್ಯ, ಕುಡಿಯುವ ನೀರಿಗೆ ಚರಂಡಿ ನೀರು ಸೇರುವಿಕೆ ಎರಡೂ ಚರ್ಚೆಗೆ ಬಂದವು. 2022ರಲ್ಲಿ ಊರು ಮಹಾನಗರಪಾಲಿಕೆಯಾಯಿತು. ದೂಧಗಂಗಾ ನದಿಯ ಸುಳಕೂಡದಿಂದ ನೀರು ತರುವ ಯೋಜನೆಗೆ ಆ ನದಿತೀರದವರ ವಿರೋಧ ಎದುರಾಯಿತು.

ಗಡಿಯ ಈಚೆ ಕರ್ನಾಟಕದಲ್ಲಿ ಬೇರೊಂದು ದಾರಿ ಹಿಡಿಯಲಾಯಿತು. ವಿಶ್ವಬ್ಯಾಂಕಿನ ನೆರವಿನಿಂದ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನವಿಡೀ ನೀರು ಕೊಡಲಾರಂಭಿಸಿದರು. ಹಳೆಯ ಜಾಲವನ್ನು ಬಿಟ್ಟು ಹೊಸ ಕೊಳವೆ ಎಳೆದು, ಪ್ರತಿ ಮನೆಗೂ ಮೀಟರ್ ಕೂಡಿಸಿದರು. ಸದಾ ಒತ್ತಡದಲ್ಲಿರುವ ಕೊಳವೆಗೆ ಹೊರಗಿನ ಕೊಳೆ ನುಗ್ಗುವುದಿಲ್ಲ. ಜೊತೆಗೆ, ಮನೆಯೊಳಗಿನ ಸೋರಿಕೆ ತಿಂಗಳ ಬಿಲ್ಲಿನಲ್ಲೇ ಕಾಣಿಸುವುದರಿಂದ ಅಧಿಕಾರಿ ಬಾರದೆಯೂ ಮನೆಯವರೇ ತಪಾಸಣೆ ಮಾಡಿಕೊಳ್ಳುವಂತಾಯಿತು. ಬೆಂಗಳೂರಿನಲ್ಲಿ ಸರ್ಕಾರಿ ನಿಯಮವನ್ನು ಹೊಸ್ತಿಲು ದಾಟಿಸಿದ್ದು ನೀರಿನ ಕೊರತೆ. 2009ರಿಂದ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು, 2024ರ ಬರದಲ್ಲಿ ವಾಣಿಜ್ಯ ಕಟ್ಟಡ ಮತ್ತು ವಸತಿ ಸಮುಚ್ಚಯಗಳ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಬೇಕೆಂದು ಜಲಮಂಡಳಿ ಆದೇಶಿಸಿತು.

ಹೋಲಿಕೆಗೆ ನೋಡಿದರೆ, ಅಮೆರಿಕದ ಅನೇಕ ರಾಜ್ಯಗಳಲ್ಲಿ ತಾನೇ ವಾಸಿಸುವ ಮನೆಯ ನಳದ ಕೆಲಸವನ್ನು ಮಾಲೀಕ ಅನುಮತಿ ಪತ್ರ ಪಡೆದು ಸ್ವತಃ ಮಾಡಬಹುದು. ಆದರೆ ಗೋಡೆ ಮುಚ್ಚುವ ಮೊದಲು ನಿರೀಕ್ಷಕ ಬಂದು ನೋಡಬೇಕು. ಚರಂಡಿ ಕೊಳವೆಯಲ್ಲಿ 10 ಅಡಿ ನೀರು ನಿಲ್ಲಿಸಿ, ಇಲ್ಲವೇ ಚದರ ಇಂಚಿಗೆ 5 ಪೌಂಡಿನ ಗಾಳಿಯೊತ್ತಡ ಕೊಟ್ಟು 15 ನಿಮಿಷ ಇಳಿಯದಿದ್ದರೆ ತೇರ್ಗಡೆ. ಯಾರು ಮಾಡಿದರು ಎಂಬುದಕ್ಕಿಂತ ಕೆಲಸ ಹೇಗಾಯಿತು ಎಂಬುದನ್ನು ಈ ಪದ್ಧತಿ ಅಳೆಯುತ್ತದೆ. ಇಲ್ಲಿನ ಕಾಯ್ದೆಗಳ ಒತ್ತು ಪರವಾನಗಿಯ ಮೇಲೆ.

ಶಿರೋಳ ತಾಲ್ಲೂಕಿನ ನದಿತೀರದ ಊರುಗಳಲ್ಲಿ ಇನ್ನೊಂದು ಪರೀಕ್ಷೆಯನ್ನು ಪ್ರವಾಹವೇ ನಡೆಸುತ್ತದೆ. 2005, 2019 ಮತ್ತು 2021ರ ನೆರೆಗಳಂಥ ಸಮಯದಲ್ಲಿ ನೆಲದೊಳಗಿನ ತೊಟ್ಟಿಗೂ ಶೌಚಗುಂಡಿಗೂ ಒಂದೇ ನೀರು ತುಂಬುತ್ತದೆ. ನೆರೆ ಇಳಿದ ಮೇಲೆ ತೊಟ್ಟಿ ಬರಿದು ಮಾಡಿ, ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಕೊಳವೆಗಳಲ್ಲಿ ಕ್ಲೋರಿನ್ ನೀರು ಹರಿಸಿ ಚೆಲ್ಲಬೇಕು. ತೊಟ್ಟಿಯ ಬಾಯಿಯನ್ನು ಅಂಗಳಕ್ಕಿಂತ ಎತ್ತರಿಸಿ ಕಟ್ಟುವುದು, ಕುಡಿಯುವ ನೀರಿಗೆ ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟಾಕಿಯನ್ನೇ ನೆಚ್ಚುವುದು ಅಪಾಯವನ್ನು ತಗ್ಗಿಸುತ್ತದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಅಭಿಯಾನ ಪ್ರತಿ ಗ್ರಾಮೀಣ ಮನೆಗೆ, ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ, ನೀರು ಕೊಡುವ ಗುರಿ ಇಟ್ಟುಕೊಂಡಿದೆ. ಅದರಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್‌ನಿಂದ ನೀರಿನ ಗುಣ ನೋಡುವ ತರಬೇತಿ ಕೊಡುವ ಏರ್ಪಾಡಿದೆ. ಇದರಲ್ಲಿ ಪರೀಕ್ಷೆಗೆ ಒಳಗಾಗುವುದು ತೋಟಿಯಿಂದ ಬಿದ್ದ ನೀರು; ತೋಟಿಯವರೆಗಿನ ಜೋಡಣೆ ಈಗಲೂ ಗೌಂಡಿ ಮತ್ತು ಮನೆಯವರ ಜವಾಬ್ದಾರಿ.