ಲೂಯಿಸಿಯಾ: ಹಿಮಕ್ಕೆ ಅಂಜದ, ನೀರಿಗೆ ಅಂಜುವ ಹೂವು

ಉತ್ತರ ಅಮೆರಿಕದ ಪಶ್ಚಿಮ ಭಾಗದ ಪರ್ವತಗಳಲ್ಲಿ ಬೆಳೆಯುವ ಪುಟ್ಟ ಕಾಡುಗಿಡ ಲೂಯಿಸಿಯಾ. ನೀರನ್ನು ಕೂಡಿಟ್ಟುಕೊಳ್ಳುವ ದಪ್ಪನೆಯ ಎಲೆಗಳ ಈ ಸಸ್ಯ ನಮ್ಮ ಗೋಣಿ ಸೊಪ್ಪು ಹಾಗೂ ಟೇಬಲ್ ರೋಸ್‌ಗಳ ದೂರದ ನೆಂಟ. ಹಿಂದೆ ಇವೆಲ್ಲವನ್ನೂ ಒಂದೇ ಕುಟುಂಬದಲ್ಲಿ ಎಣಿಸಲಾಗುತ್ತಿತ್ತು.

ಅನ್ವೇಷಕ ಮೆರಿವೆದರ್ ಲೂಯಿಸ್ 1806ರ ಜುಲೈನಲ್ಲಿ ಇಂದಿನ ಮೊಂಟಾನಾ ರಾಜ್ಯದ ಬಿಟರ್‌ರೂಟ್ ಕಣಿವೆಯಲ್ಲಿ ಈ ಕುಲದ ಗಿಡವನ್ನು ಸಂಗ್ರಹಿಸಿ ಒಣಗಿಸಿದ್ದ. ಬಹುಕಾಲ ಒಣಗಿ ಬಿದ್ದಿದ್ದ ಬೇರನ್ನು ಫಿಲಡೆಲ್ಫಿಯಾದಲ್ಲಿ ನೆಟ್ಟಾಗ ಅದು ಚಿಗುರಿತು! ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಪರ್ಷ್ 1814ರಲ್ಲಿ ಅದಕ್ಕೆ ‘ಲೂಯಿಸಿಯಾ ರೆಡಿವೈವಾ’ ಎಂದು ಹೆಸರಿಟ್ಟ. ರೆಡಿವೈವಾ ಎಂದರೆ ಮರುಜೀವ ಪಡೆದದ್ದು. ಅದರ ಕಹಿ ಬೇರು ಸ್ಥಳೀಯ ಸೇಲಿಷ್ ಜನರ ಸಾಂಪ್ರದಾಯಿಕ ಆಹಾರ.

ಮನೆಯ ಕೈತೋಟಕ್ಕೆ ಹೆಚ್ಚು ಒಗ್ಗುವುದು ಇದೇ ಕುಲದ ‘ಲೂಯಿಸಿಯಾ ಕೋಟಿಲೆಡಾನ್’. ಆರೆಗಾನ್‌ನ ದಕ್ಷಿಣ ಹಾಗೂ ಕ್ಯಾಲಿಫೋರ್ನಿಯಾದ ಉತ್ತರ ಭಾಗದ ಬಂಡೆಸಂದುಗಳು ಇದರ ತವರು. ವರ್ಷವಿಡೀ ಹಸಿರಾಗಿರುವ ಎಲೆಗಳ ಚಕ್ರದ ನಡುವಿನಿಂದ ವಸಂತದ ಕೊನೆಗೆ ಗುಲಾಬಿ, ಬಿಳಿ, ಕಿತ್ತಳೆ ಬಣ್ಣದ ಹೂಗೊಂಚಲುಗಳು ಏಳುತ್ತವೆ.

ಹಿಮವನ್ನು ತಾಳುವ ಈ ಗಿಡಕ್ಕೆ ಚಳಿಗಾಲದ ತೇವವೇ ಶತ್ರು. ಎಲೆಚಕ್ರದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಹೊರಗಿನಿಂದ ಹಸಿರಾಗಿಯೇ ಕಾಣುವ ಗಿಡ ಒಂದು ದಿನ ಕೈಗೇ ಕಿತ್ತು ಬರುತ್ತದೆ. ಆದ್ದರಿಂದ ಅನುಭವಿಗಳು ಇದನ್ನು ನೆಲದಲ್ಲಿ ನೇರವಾಗಿ ನೆಡುವ ಬದಲು ಕಲ್ಲುಗೋಡೆಯ ಸಂದಿನಲ್ಲಿ ಓರೆಯಾಗಿ ಕೂರಿಸುತ್ತಾರೆ. ಬಿದ್ದ ಮಳೆ ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಕುಂಡದಲ್ಲಾದರೆ ಎಲೆಗೊಬ್ಬರ ಬೆರೆತ ಮಣ್ಣಿಗೆ ಧಾರಾಳವಾಗಿ ಸಣ್ಣ ಜಲ್ಲಿ ಸೇರಿಸಬೇಕು. ಬುಡದ ಸುತ್ತಲೂ ಜಲ್ಲಿಯನ್ನೇ ಹರಡಬೇಕು. ಸುಣ್ಣದ ಅಂಶ ಹೆಚ್ಚಿರುವ ಮಣ್ಣು ಇದಕ್ಕೆ ಆಗದು. ಮಳೆಯ ಚಳಿಗಾಲವಿರುವ ಊರುಗಳಲ್ಲಿ ಗಿಡದ ಮೇಲೆ ಗಾಜಿನ ಹಲಗೆ ಹೊದಿಸುವುದೂ ಉಂಟು, ಪಕ್ಕಗಳಿಂದ ಗಾಳಿಯಾಡುತ್ತಿರಬೇಕು. ಬೆಳೆಯುವ ಕಾಲದಲ್ಲಿ ಮಾತ್ರ ಹದವಾಗಿ ನೀರು ಬೇಕು. ಹೂ ಮುಗಿದ ಬಳಿಕ ಕಡಿಮೆ ಮಾಡಬೇಕು.

ಬೀಜ ಮೊಳೆಯಲು ಚಳಿ ಸೋಕಬೇಕಾದುದರಿಂದ ಬಿತ್ತನೆ ಶರತ್ಕಾಲದಲ್ಲಿ. ಮಿಶ್ರತಳಿಯ ಬೀಜದಿಂದ ತಾಯಿಗಿಡದ ಬಣ್ಣವೇ ಬರುವ ಭರವಸೆಯಿಲ್ಲ. ಅದೇ ಬಣ್ಣ ಬೇಕೆನ್ನುವವರು ಬೇಸಿಗೆಯಲ್ಲಿ ಪಕ್ಕದ ಮರಿಗಳನ್ನು ಬೇರ್ಪಡಿಸಿ ನೆಡಬೇಕು.

ಕರ್ನಾಟಕದ ಬಯಲುಸೀಮೆಯ ಸೆಕೆಯಾಗಲಿ, ಮಲೆನಾಡಿನ ಮುಂಗಾರಾಗಲಿ ಇದಕ್ಕೆ ಹಿಡಿಸುವಂಥದ್ದಲ್ಲ. ಅಮೆರಿಕ, ಬ್ರಿಟನ್‌ಗಳ ತಂಪು ಪ್ರದೇಶದಲ್ಲಿ ನೆಲೆಸಿದ ಕನ್ನಡಿಗರು ಪ್ರಯತ್ನಿಸಬಹುದು. ಗಿಡವನ್ನು ನರ್ಸರಿಯಿಂದಲೇ ಕೊಳ್ಳಬೇಕು, ಬೆಟ್ಟದಿಂದ ಕಿತ್ತು ತರಬಾರದು.