ಕೆಳದಿಯ ಚೆನ್ನಮ್ಮಾಜಿ: ಅಂತಃಪುರ, ಉಪಪತ್ನಿ ಮತ್ತು ಒಡಂಬಡಿಕೆಗಳು

ಮಲೆನಾಡಿನ ಬಿದನೂರನ್ನು ರಾಜಧಾನಿಯಾಗಿಸಿಕೊಂಡಿದ್ದ ಕೆಳದಿ ಸಂಸ್ಥಾನವನ್ನು ಹದಿನೇಳನೆಯ ಶತಮಾನದ ಕೊನೆಯ ಕಾಲು ಭಾಗದಲ್ಲಿ ಆಳಿದ ಚೆನ್ನಮ್ಮಾಜಿ ರಾಜಕುಲದಲ್ಲಿ ಜನಿಸಿದವಳಲ್ಲ; ಕೋಟಿಪುರದ ಸಿದ್ದಪ್ಪಶೆಟ್ಟಿಯ ಮಗಳಾಗಿದ್ದು, ಒಂದನೆಯ ಸೋಮಶೇಖರ ನಾಯಕನ ಕೈಹಿಡಿದು ಅರಮನೆಯನ್ನು ಹೊಕ್ಕವಳು.

ಜಂಬುಖಂಡಿಯ ನರ್ತಕಿ ಕಲಾವತಿಯಲ್ಲಿ ದೊರೆಯು ಅನುರಕ್ತನಾಗಿ, ರಾಜಕಾರ್ಯವನ್ನು ಮರೆತು ಆಕೆಯ ಮನೆಯಲ್ಲಿಯೇ ನೆಲಸಿದನೆಂದೂ, ಆಕೆಯ ಪೋಷಕನಾದ ಭರಮೆ ಮಾವುತನು ಮದ್ದು ಹಾಕಿ ಅವನ ಬುದ್ಧಿಯನ್ನು ಕೆಡಿಸಿದನೆಂದೂ ಕೆಳದಿಯ ಪರಂಪರೆಯ ಕಥನ ಹೇಳುತ್ತದೆ. ಕಥನವು ಎಲ್ಲ ದೋಷವನ್ನೂ ಕಲಾವತಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ದೊರೆಯ ಒಲವೊಂದನ್ನುಳಿದು ಆ ಹೆಣ್ಣಿಗೆ ಬೇರೆ ಆಸರೆಯೇ ಇರಲಿಲ್ಲ. ಐಬೀರಿಯಾದಲ್ಲಾದರೋ ಉರ್ಗೆಲ್ ಸೀಮೆಯ ಒಡತಿ ಔರೆಂಬಿಯೈಕ್ಸ್ 1228ರಲ್ಲಿ ಅರಗೊನದ ದೊರೆ ಒಂದನೆಯ ಜೇಮ್ಸನೊಡನೆ ಉಪಪತ್ನಿಯಾಗಿ ಬಾಳಲು ಲಿಖಿತ ಒಪ್ಪಂದವನ್ನೇ ಮಾಡಿಕೊಂಡು, ಕೈತಪ್ಪಿದ್ದ ತನ್ನ ಸೀಮೆಯನ್ನು ಅವನ ಸೈನ್ಯಬಲದಿಂದ ಮರಳಿ ಪಡೆದಳು.

ಬಿಜಾಪುರದ ಸೈನ್ಯ ನಾಡಿನೊಳಕ್ಕೆ ನುಗ್ಗಿದ ಆ ದುರ್ದಿನಗಳಲ್ಲಿ, ಸುಮಾರು 1671ರಲ್ಲಿ, ದೊರೆಯ ಕೊಲೆಯಾಯಿತು. ಮಕ್ಕಳಿಲ್ಲದ ಚೆನ್ನಮ್ಮಾಜಿ ಭುವನಗಿರಿ ದುರ್ಗವನ್ನು ಆಶ್ರಯಿಸಿ, ಚದುರಿದ್ದ ಸರದಾರರನ್ನು ಕೂಡಿಸಿ ರಾಜ್ಯವನ್ನು ಉಳಿಸಿಕೊಂಡು, ಬಸಪ್ಪ ನಾಯಕನನ್ನು ದತ್ತಕ್ಕೆ ತೆಗೆದುಕೊಂಡಳು. ಖಡ್ಗದಷ್ಟೇ ಒಡಂಬಡಿಕೆಯನ್ನೂ ನೆಚ್ಚಿದವಳು ಈಕೆ. ಕರಾವಳಿಯ ಕೋಟೆಗಳಿಂದ ಹಿಂದಿನ ಕೆಳದಿ ದೊರೆ ಶಿವಪ್ಪನಾಯಕನು ಹೊರದೂಡಿದ್ದ ಪೋರ್ಚುಗೀಸರಿಗೆ 1678ರ ಕರಾರಿನ ಮೂಲಕ ಮಂಗಳೂರಿನಲ್ಲಿ ವ್ಯಾಪಾರಕೋಠಿಗೂ, ಮಿರ್ಜಾನ್, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ಇಗರ್ಜಿಗಳಿಗೂ ಅನುಮತಿ ದೊರೆಯಿತು. ಘಟ್ಟದ ಮೆಣಸಿಗೂ ಕರಾವಳಿಯ ಅಕ್ಕಿಗೂ ಕಡಲ ಮಾರ್ಗ ಬೇಕಾಗಿದ್ದಿತು.

ಅವಳ ಕೀರ್ತಿಯನ್ನು ಶಾಶ್ವತಗೊಳಿಸಿದ್ದು 1689ರ ಪ್ರಸಂಗ. ತಂದೆ ಶಿವಾಜಿಯೂ ಅಣ್ಣ ಸಂಭಾಜಿಯೂ ಗತಿಸಿದ ಮೇಲೆ, ಬೆನ್ನಟ್ಟಿದ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೊರಟಿದ್ದ ರಾಜಾರಾಮನಿಗೆ ಆಕೆ ಆಶ್ರಯವಿತ್ತು, ಸುರಕ್ಷಿತವಾಗಿ ಗಡಿ ದಾಟಿಸಿದಳು. ಔರಂಗಜೇಬನ ಸೇನೆ ಬಂದಾಗ ಮೊದಲು ಕಾದಾಡಿ, ಬಳಿಕ ಸಂಧಿ ಮಾಡಿಕೊಂಡಳು. ಶರಣಾಗತನನ್ನು ಒಪ್ಪಿಸಿಬಿಡುವುದು ಆಗ ಸುಲಭದ ಮಾರ್ಗವಾಗಿದ್ದಿತು. ಚೆನ್ನಮ್ಮಾಜಿ ಅದನ್ನು ಹಿಡಿಯಲಿಲ್ಲ.

ಅವಳ ತರುವಾಯ ಪಟ್ಟವೇರಿದ ದತ್ತಪುತ್ರ ಬಸಪ್ಪ ನಾಯಕನೇ ಸಂಸ್ಕೃತದ ವಿಶ್ವಕೋಶಸದೃಶ ಗ್ರಂಥವಾದ ‘ಶಿವತತ್ತ್ವರತ್ನಾಕರ’ದ ಕರ್ತೃ.