ದೇವನಹಳ್ಳಿ ಕೋಟೆ

ಬೆಂಗಳೂರಿನ ಉತ್ತರಕ್ಕೆ ಸುಮಾರು 35 ಕಿ.ಮೀ. ದೂರದ ದೇವನಹಳ್ಳಿ ಪಟ್ಟಣದಲ್ಲಿರುವ ಕಲ್ಲಿನ ಕೋಟೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಗೆ ಒಳಪಟ್ಟ ರಾಷ್ಟ್ರೀಯ ಮಹತ್ತ್ವದ ಸ್ಮಾರಕ. ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವೂ ಹೊಸ ಕೈಗಾರಿಕಾ ಪ್ರದೇಶಗಳೂ ಇದಕ್ಕೆ ಸಮೀಪದಲ್ಲಿವೆ. 1501ರಲ್ಲಿ ಆವತಿ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆಯೇ ಇದರ ಮೂಲ. 1749ರಲ್ಲಿ ಮೈಸೂರು ದಳವಾಯಿ ನಂಜರಾಜಯ್ಯ ಇದನ್ನು ಮುತ್ತಿ ವಶಪಡಿಸಿಕೊಂಡ. ಆಗಿನ್ನೂ ಸಾಮಾನ್ಯ ಸೇನಾನಿಯಾಗಿದ್ದ ಹೈದರಾಲಿ ಹೆಸರು ಗಳಿಸಿದ್ದು ಈ ಮುತ್ತಿಗೆಯಲ್ಲೇ. ಮುಂದೆ ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಕೋಟೆ ಕಲ್ಲುಗೋಡೆ ಪಡೆಯಿತು. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ವೇಳೆ, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಯ ಪಾಲಾಯಿತು.

ಹೆಚ್ಚುಕಡಿಮೆ ಅಂಡಾಕಾರದ ವಿನ್ಯಾಸ. ಪೂರ್ವ, ಪಶ್ಚಿಮಗಳಲ್ಲಿ ಗಾರೆ ಅಲಂಕಾರದ ಬಾಗಿಲುಗಳು. ಅರ್ಧವೃತ್ತಾಕಾರದ ಕೊತ್ತಲಗಳು, ಗೋಡೆಯಲ್ಲಿ ಕೊರೆದ ಬಂದೂಕಿನ ಕಿಂಡಿಗಳು ಮಕ್ಕಳನ್ನು ಬಹುವಾಗಿ ಸೆಳೆಯುತ್ತವೆ. ಶತ್ರುವಿಗೆ ಕಾಣಿಸಿಕೊಳ್ಳದೆ ಗುರಿಯಿಡುವ ತಂತ್ರವನ್ನು ಪುಸ್ತಕಕ್ಕಿಂತ ಈ ಕಿಂಡಿಗಳೇ ಚೆನ್ನಾಗಿ ತಿಳಿಸುತ್ತವೆ. ಒಳಗೆ ಇಂದಿಗೂ ಜನವಸತಿಯಿದ್ದು, ವೇಣುಗೋಪಾಲಸ್ವಾಮಿ ದೇವಾಲಯದಲ್ಲಿ ಪೂಜೆ ನಡೆಯುತ್ತದೆ. ಕೋಟೆಯ ಹೊರಗೆ, ಸಮೀಪದಲ್ಲೇ, ಟಿಪ್ಪು ಸುಲ್ತಾನನ ಜನ್ಮಸ್ಥಳವನ್ನು ಗುರುತಿಸುವ ಶಿಲಾಫಲಕವಿರುವ ಚಿಕ್ಕ ಕಲ್ಲುಕಂಬದ ಆವರಣವಿದೆ.